ಕಣ್ಣಿನ ಓದು, ಬೆರಳಿನ ಬರಹ: ಡೌನ್ ಸಿಂಡ್ರೋಮ್ ಇರುವವರ ಅಕ್ಷರಾಭ್ಯಾಸ

1967ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಚಿಕ್ಕ ಪುಸ್ತಕವು ಪ್ರಕಟವಾಯಿತು. ‘ನೈಜೆಲ್ ಹಂಟನ ಪ್ರಪಂಚ’ ಎಂಬುದು ಅದರ ಹೆಸರು. ಬರೆದವನು ಇಪ್ಪತ್ತರ ಹರೆಯದ ಒಬ್ಬ ಯುವಕ. ತಾನು ಕಂಡ ಊರುಗಳು, ಮಾಡಿದ ಪ್ರಯಾಣಗಳು, ತನಗೆ ಮೆಚ್ಚಿಕೆಯಾದ ಸಂಗೀತ ಇವನ್ನು ಕುರಿತು ಅವನು ಬೆರಳಚ್ಚು ಯಂತ್ರದ ಮುಂದೆ ತಾನೇ ಕುಳಿತು ಬರೆದಿದ್ದನು. ಇದರಲ್ಲಿ ಸೋಜಿಗವೇನು ಎಂದು ವಾಚಕರು ಕೇಳಬಹುದು. ಸೋಜಿಗವಿಷ್ಟೆ: ನೈಜೆಲನಿಗೆ ಡೌನ್ ಸಿಂಡ್ರೋಮ್ ಇತ್ತು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಅನೇಕ ಮಕ್ಕಳನ್ನು ‘ಶಿಕ್ಷಣಕ್ಕೆ ಅನರ್ಹರು’ ಎಂದು ವರ್ಗೀಕರಿಸಿ ಶಾಲೆಯಿಂದ ಹೊರಗಿಡುತ್ತಿದ್ದರು. ಆ ಪದ್ಧತಿಯನ್ನು ಕೊನೆಗಾಣಿಸಿದ ಶಾಸನ ಬಂದುದು 1970ರಲ್ಲಿ, ಜಾರಿಯಾದುದು 1971ರಲ್ಲಿ. ಅದಕ್ಕೆ ಮೊದಲೇ ನೈಜೆಲನ ತಾಯಿ ಮಗನಿಗೆ ಮನೆಯಲ್ಲಿ ಓದು ಕಲಿಸಿದ್ದಳು. ಪ್ರಖ್ಯಾತ ತಳಿವಿಜ್ಞಾನಿ ಲಯನೆಲ್ ಪೆನ್ರೋಸ್ ಆ ಪುಸ್ತಕಕ್ಕೆ ಮುನ್ನುಡಿ ಬರೆದರು.

ಈ ಘಟನೆಯ ಹಿಂದೆ ಇರುವ ಪ್ರಶ್ನೆ ದೊಡ್ಡದು. ಕಲಿಯಲಾರರೆಂದು ಭಾವಿಸಿ ಕಲಿಸಲಿಲ್ಲ. ಕಲಿಸದ ಕಾರಣ ಅವರು ಕಲಿಯಲಿಲ್ಲ. ಅವರು ಕಲಿಯದಿರುವುದನ್ನು ಕಂಡು ಮೊದಲಿನ ಭಾವನೆಯೇ ಸರಿಯೆಂದುಕೊಂಡರು. ನೂರು ವರ್ಷಗಳ ಕಾಲ ತಿರುಗಿದ ಈ ಚಕ್ರವನ್ನು ನಿಲ್ಲಿಸಿದ ತಿಳಿವಳಿಕೆ ಯಾವುದು ಎಂಬುದನ್ನು ಈಗ ನೋಡೋಣ.

ಒಂದು ಹೆಚ್ಚಿನ ವರ್ಣತಂತು

1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯರು ಈ ಸ್ಥಿತಿಯ ಲಕ್ಷಣಗಳನ್ನು ಮೊದಲಬಾರಿಗೆ ಒಟ್ಟುಗೂಡಿಸಿ ವರ್ಣಿಸಿದರು. ಅದರ ಕಾರಣ ಮಾತ್ರ ಸುಮಾರು ಒಂದು ಶತಮಾನದವರೆಗೆ ತಿಳಿಯಲಿಲ್ಲ. ಮಾನವನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದು 1956ರಲ್ಲಿ ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳಿಂದ ಖಚಿತವಾಯಿತು. ಮೂರು ವರ್ಷಗಳ ತರುವಾಯ, 1959ರಲ್ಲಿ, ಪ್ಯಾರಿಸಿನ ಲೆಜೂನ್, ಗೋತಿಯೆ ಮತ್ತು ತ್ಯುರ್ಪ್ಯಾಂ ಇವರು ಡೌನ್ ಸಿಂಡ್ರೋಮ್ ಇರುವವರ ಕೋಶಗಳಲ್ಲಿ 47 ವರ್ಣತಂತುಗಳಿರುವುದನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಎರಡಿರಬೇಕಾದ 21ನೆಯ ವರ್ಣತಂತು ಇವರಲ್ಲಿ ಮೂರಿರುತ್ತದೆ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರ್ಪಡದೆ ಉಳಿಯುವುದೇ ಬಹುಪಾಲು ಪ್ರಸಂಗಗಳಲ್ಲಿ ಇದಕ್ಕೆ ಕಾರಣ. ಇದು ಅಂಟುವ ರೋಗವಲ್ಲ. ತಾಯಿತಂದೆಯರ ತಪ್ಪಿನ ಫಲವೂ ಅಲ್ಲ. ಸುಮಾರು 700ರಿಂದ 1,000 ಜನನಗಳಲ್ಲಿ ಒಂದು ಶಿಶು ಹೀಗೆ ಹುಟ್ಟುತ್ತದೆ.

ಆ ಒಂದು ಚಿಕ್ಕ ತಂತುವಿನ ಪರಿಣಾಮ ದೇಹದ ಹಲವೆಡೆ ಕಾಣುತ್ತದೆ. ಸ್ನಾಯುಗಳ ಬಿಗಿ ಕಡಮೆ, ಕೀಲುಗಳ ಕಟ್ಟು ಸಡಿಲ, ಬೆರಳುಗಳು ಗಿಡ್ಡ. ಅನೇಕರಿಗೆ ದೃಷ್ಟಿದೋಷವಿರುತ್ತದೆ. ಕಿವಿಯ ಮಧ್ಯಭಾಗದಲ್ಲಿ ದ್ರವ ತುಂಬಿಕೊಂಡು ಕೇಳ್ಮೆ ಆಗಾಗ ಮಂದವಾಗುವುದೂ ಸಾಮಾನ್ಯ. ಆದುದರಿಂದ ಪಾಠ ಆರಂಭಿಸುವ ಮೊದಲು ಕಣ್ಣು ಕಿವಿಗಳ ಪರೀಕ್ಷೆ ಆಗತಕ್ಕದ್ದು. ನಮ್ಮಲ್ಲಿ ಈ ಬಗೆಯ ಕೆಲಸಕ್ಕೆಂದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪಿತವಾಯಿತು. ಕೇಳಿಸದ ಮಗುವನ್ನು ದಡ್ಡನೆಂದು ಕರೆಯುವುದು ಉಪಾಧ್ಯಾಯನು ಮಾಡಬಹುದಾದ ಮೊದಲ ತಪ್ಪು.

ಕಣ್ಣಿನ ದಾರಿ

ಈ ಮಕ್ಕಳ ಮನಸ್ಸಿನ ರಚನೆಯಲ್ಲಿ ಒಂದು ವೈಶಿಷ್ಟ್ಯವಿದೆ. ಕಿವಿಯಿಂದ ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಶಕ್ತಿ ಅವರಲ್ಲಿ ದುರ್ಬಲ. ಕಣ್ಣಿನಿಂದ ಕಂಡದ್ದನ್ನು ಹಿಡಿದಿಡುವ ಶಕ್ತಿ ಅದಕ್ಕೆ ಹೋಲಿಸಿದರೆ ಪ್ರಬಲ. ಆಡಿದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಬರೆದ ಮಾತು ಹಾಗಲ್ಲ. ಮಗು ಮತ್ತೆ ಮತ್ತೆ ನೋಡುವವರೆಗೆ ಕಾದು ನಿಲ್ಲುತ್ತದೆ. ಆದುದರಿಂದ ಮಾತು ಚೆನ್ನಾಗಿ ಬಂದ ಮೇಲೆ ಓದು ಎಂಬ ನಮ್ಮ ವಾಡಿಕೆಯ ಕ್ರಮ ಇಲ್ಲಿ ತಲೆಕೆಳಗಾಗಬಹುದು. ಓದೇ ಮಾತಿಗೆ ಊರುಗೋಲಾಗಬಹುದು.

ಈ ವಿಚಾರಕ್ಕೆ ಬಲ ಬಂದುದು 1980ರ ಸುಮಾರಿಗೆ. ಲೆಸ್ಲಿ ಡಫೆನ್ ಎಂಬ ಆಂಗ್ಲ ಗೃಹಸ್ಥರು, ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳು ಸಾರಾ ಎಳವೆಯಲ್ಲಿಯೇ ಓದಲು ಕಲಿತಳೆಂದೂ, ಓದಿನಿಂದ ಅವಳ ಮಾತು ಬೆಳೆಯಿತೆಂದೂ ಪೋರ್ಟ್ಸ್‌ಮತ್ತಿನ ಮನಶ್ಶಾಸ್ತ್ರಜ್ಞೆ ಸ್ಯೂ ಬಕ್ಲಿಯವರಿಗೆ ಪತ್ರ ಬರೆದರು. ಬಕ್ಲಿಯವರು ಅದನ್ನು ತಂದೆಯ ಅಭಿಮಾನದ ಮಾತೆಂದು ಬದಿಗಿಡದೆ ಪರೀಕ್ಷಿಸಲು ಹೊರಟರು. ಶಾಲೆಗೆ ಸೇರುವ ಮೊದಲೇ ಹಲವು ಮಕ್ಕಳು ಮುದ್ರಿತ ಪದಗಳನ್ನು ಗುರುತಿಸಬಲ್ಲರೆಂದು ಕಂಡುಬಂದಿತು. ಒಬ್ಬ ತಂದೆಯ ಪತ್ರ ಒಂದು ಸಂಶೋಧನಾ ಶಾಖೆಗೆ ಬೀಜವಾಯಿತು.

ಕಲಿಸುವ ಕ್ರಮ ಸರಳವಾದುದು. ಮಗುವಿಗೆ ಪ್ರಿಯವಾದ ನಾಲ್ಕಾರು ಪದಗಳನ್ನು ದಪ್ಪ ಅಕ್ಷರಗಳಲ್ಲಿ ಚೀಟಿಗಳ ಮೇಲೆ ಬರೆಯಬೇಕು. ಮೊದಲನೆಯ ಹೆಜ್ಜೆ ಹೊಂದಿಸುವುದು: ‘ಅಮ್ಮ’ ಎಂಬ ಚೀಟಿಯನ್ನು ಅಂತಹದೇ ಇನ್ನೊಂದು ಚೀಟಿಯ ಮೇಲೆ ಇಡುವುದು. ಎರಡನೆಯದು ಆರಿಸುವುದು: ‘ಅಮ್ಮ ಎಲ್ಲಿ, ಕೊಡು’ ಎಂದಾಗ ಸರಿಯಾದ ಚೀಟಿಯನ್ನು ಎತ್ತಿಕೊಡುವುದು. ಮೂರನೆಯದು ಹೆಸರಿಸುವುದು: ಚೀಟಿಯನ್ನು ನೋಡಿ ತಾನೇ ಹೇಳುವುದು. ಮಾತನಾಡಲಾರದ ಮಗುವೂ ಮೊದಲ ಎರಡು ಹೆಜ್ಜೆಗಳನ್ನು ಇಡಬಲ್ಲದು. ಅದಕ್ಕೆ ಗೊತ್ತಿರುವುದನ್ನು ನಾವು ಕಣ್ಣಾರೆ ಕಾಣಬಲ್ಲೆವು. ಮಗು ತಪ್ಪುವ ಮೊದಲೇ ಕೈಹಿಡಿದು ನೆರವಾಗಬೇಕು, ಏಕೆಂದರೆ ಒಮ್ಮೆ ಅಭ್ಯಾಸವಾದ ತಪ್ಪನ್ನು ಬಿಡಿಸುವುದು ಕಷ್ಟ. ಪದಗಳ ಸಂಗ್ರಹ ಬೆಳೆದ ಮೇಲೆ ಪುಟ್ಟ ವಾಕ್ಯಗಳು, ಆನಂತರ ಅಕ್ಷರ ಮತ್ತು ಧ್ವನಿಗಳ ಸಂಬಂಧ, ಹೀಗೆ ಪಾಠ ಮುಂದುವರಿಯುತ್ತದೆ.

ಬೆರಳಿನ ದಾರಿ

ಓದು ಬಂದ ಮಾತ್ರಕ್ಕೆ ಬರಹ ಬಾರದು. ಕೈಬರಹವೆಂಬುದು ಎಷ್ಟು ಕೆಲಸಗಳ ಕೂಟವೆಂಬುದನ್ನು ನಾವು ಯೋಚಿಸುವುದೇ ಇಲ್ಲ. ಲೇಖನಿಯನ್ನು ಹಿಡಿಯಬೇಕು, ಬೇಕಾದಷ್ಟೇ ಒತ್ತಬೇಕು, ಅಕ್ಷರದ ಆಕಾರವನ್ನು ನೆನಪಿನಿಂದ ಹೊರತೆಗೆಯಬೇಕು, ಗೆರೆಯ ಮೇಲೆ ನಿಲ್ಲಿಸಬೇಕು. ಇಷ್ಟರ ನಡುವೆ ಹೇಳಬೇಕಾದ ಸಂಗತಿಯನ್ನೂ ಮರೆಯಬಾರದು. ಸಡಿಲವಾದ ಬೆರಳುಗಳಿಗೆ ಮೊದಲ ಎರಡೇ ಸಾಕಷ್ಟು ಭಾರ. ಒಂದು ಸಾಲು ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಮನಸ್ಸಿನಲ್ಲಿದ್ದ ಮಾತು ಹಾರಿಹೋಗುತ್ತದೆ. ನೋಡುವವರು ಮಾತ್ರ, ‘ಇವನಿಗೆ ಹೇಳುವುದಕ್ಕೇನೂ ಇಲ್ಲ’ ಎಂದು ತಿಳಿಯುತ್ತಾರೆ.

ಕೀಲಿಮಣೆಯು ಈ ಹೊರೆಯನ್ನು ಇಳಿಸುತ್ತದೆ. ಇಲ್ಲಿ ಅಕ್ಷರವನ್ನು ರಚಿಸಬೇಕಾಗಿಲ್ಲ; ಗುರುತಿಸಿದರೆ ಸಾಕು. ಮೂಡಿದ ಅಕ್ಷರ ಯಾವಾಗಲೂ ದುಂಡಾಗಿರುತ್ತದೆ. ತಪ್ಪಿದರೆ ಕಾಗದ ಹರಿಯುವಂತೆ ಉಜ್ಜಬೇಕಾಗಿಲ್ಲ. ಆದರೆ ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುವವನ ಕಣ್ಣು ಪ್ರತಿ ಅಕ್ಷರಕ್ಕೂ ಪರದೆಯಿಂದ ಕೀಲಿಗೆ, ಕೀಲಿಯಿಂದ ಪರದೆಗೆ ಅಲೆಯುತ್ತದೆ. ಈ ಅಲೆದಾಟದಲ್ಲಿ ಪದದ ಮುಂದಿನ ಅಕ್ಷರ ಮರೆತುಹೋಗುತ್ತದೆ. ಕೀಲಿಗಳನ್ನು ನೋಡದೆ, ಸ್ಪರ್ಶದಿಂದಲೇ ಬೆರಳಚ್ಚಿಸುವ ವಿಧಾನದ ಬೆಲೆ ತಿಳಿಯುವುದು ಇಲ್ಲಿ. 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಫ್ರ್ಯಾಂಕ್ ಮೆಕ್‌ಗರಿನ್ ಎಂಬುವನು ಕೀಲಿಗಳನ್ನು ನೋಡದೆ ಒತ್ತಿ ಗೆದ್ದ ಮೇಲೆ ಈ ವಿಧಾನ ಪ್ರಸಿದ್ಧವಾಯಿತು. ಅವನು ಬಯಸಿದ್ದು ವೇಗ. ನಮ್ಮ ವಿದ್ಯಾರ್ಥಿಗೆ ಬೇಕಾದುದು ವೇಗವಲ್ಲ, ಬಿಡುವು. ಕಣ್ಣಿಗೂ ನೆನಪಿಗೂ ದೊರೆಯುವ ಬಿಡುವು.

ಇಂತಹ ಕೌಶಲವನ್ನು ಇವರು ಗಳಿಸಬಲ್ಲರೇ? ಸೈಕಲ್ ತುಳಿಯುವುದು, ಹೂ ಕಟ್ಟುವುದು ಮುಂತಾದ ಕೆಲಸಗಳು ವಿವರಣೆಯಿಂದಲ್ಲ, ಆವರ್ತನೆಯಿಂದ ಕೈಗೆ ಬರುತ್ತವೆ. ಹೀಗೆ ಅಭ್ಯಾಸದಿಂದ ತಾನಾಗಿ ನೆಲೆಗೊಳ್ಳುವ ಸ್ಮೃತಿಯು, ಹೇಳಿ ನೆನಪಿಡಬೇಕಾದ ಸ್ಮೃತಿಯಷ್ಟು ಇವರಲ್ಲಿ ಕುಂದಿರುವುದಿಲ್ಲವೆಂದು ಹಲವು ಪರೀಕ್ಷೆಗಳು ತೋರಿಸಿವೆ. ಚಲನೆಗಳನ್ನು ಹೊಂದಿಸುವ ಕಿರುಮೆದುಳು ಇವರಲ್ಲಿ ಚಿಕ್ಕದಾಗಿರುವುದರಿಂದ ಕಲಿಕೆ ನಿಧಾನವಾಗುತ್ತದೆ; ಆದರೆ ನಿಧಾನವೆಂದರೆ ಅಸಾಧ್ಯವೆಂದು ಅರ್ಥವಲ್ಲ.

ಪಾಠದ ಕ್ರಮ ಹೀಗಿರಬಹುದು. ವಿದ್ಯಾರ್ಥಿಯ ಪಾದಗಳು ನೆಲಕ್ಕೆ ಊರಿರಬೇಕು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಎರಡು ತೋರುಬೆರಳುಗಳು ನಡುಸಾಲಿನ ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬುಗಳನ್ನು ಮುಟ್ಟಿ ತಮ್ಮ ಮನೆಯನ್ನು ಗುರುತಿಸಬೇಕು. ಒಂದು ವಾರಕ್ಕೆ ಎರಡು ಮೂರು ಕೀಲಿಗಳು ಸಾಕು. ದಿನಕ್ಕೆ ಹತ್ತು ಹದಿನೈದು ನಿಮಿಷ, ಪ್ರತಿದಿನವೂ ಅದೇ ಹೊತ್ತಿಗೆ. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸಿದರೆ ಫಲವಿಲ್ಲ. ಬೆರಳು ಕೀಲಿಯ ಮೇಲೆ ನಿಧಾನಿಸಿದರೆ ಒಂದೇ ಅಕ್ಷರ ಸಾಲಾಗಿ ಮೂಡುವುದುಂಟು. ಗಣಕದಲ್ಲಿ ಆ ಪುನರಾವರ್ತನೆಯನ್ನು ನಿಲ್ಲಿಸುವ ಅನುಕೂಲವಿದೆ. ಇದನ್ನರಿಯದೆ ಮಗುವನ್ನು ಗದರುವುದು ಅನ್ಯಾಯ.

ಕನ್ನಡದ ಸಂದರ್ಭ

ಕನ್ನಡದ ಕೈಬರಹದಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರಗಳು ಮೇಲೆ, ಪಕ್ಕದಲ್ಲಿ, ಕೆಳಗೆ ಹರಡಿಕೊಳ್ಳುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಾದರೋ ಕೀಲಿಗಳನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಒತ್ತಬೇಕು. ಅಕ್ಷರದ ಭಾಗಗಳನ್ನು ಜೋಡಿಸುವ ಕೆಲಸ ಯಂತ್ರದ್ದು. ‘ಕಮಲ’ ಎಂಬುದಕ್ಕೆ ಬಲಗೈಯ ಮೂರು ಬೆರಳುಗಳು, ಮೂರೇ ಒತ್ತು. ‘ಬಸವ’ ಎಂಬುದಕ್ಕೆ ಎಡಗೈಯೊಂದೇ ಸಾಕು. ‘ಅಮ್ಮ’ ಎಂಬ ಪದಕ್ಕೆ ನಾಲ್ಕು ಒತ್ತುಗಳು: ಅಕಾರ, ಮಕಾರ, ಅಕ್ಷರಗಳನ್ನು ಬೆಸೆಯುವ ಕೀಲಿ, ಮತ್ತೆ ಮಕಾರ. ಆ ಬೆಸುಗೆಯ ಕೀಲಿ ಇರುವುದು ಎಫ್ ಸ್ಥಾನದಲ್ಲಿ, ಎಡ ತೋರುಬೆರಳಿನ ಅಡಿಯ ಆ ಉಬ್ಬಿನ ಮೇಲೆಯೇ. ಹೀಗೆ ಕಾಗುಣಿತವೂ ಬೆರಳಚ್ಚೂ ಒಂದೇ ಪಾಠವಾಗುತ್ತವೆ.

ಇಷ್ಟಾದರೂ ಇದನ್ನು ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಂತರ ಬಹಳ. ಕೆಲವರು ಹತ್ತೂ ಬೆರಳುಗಳನ್ನು ಬಳಸುವರು. ಕೆಲವರಿಗೆ ಎರಡು ಬೆರಳುಗಳೇ ಒಗ್ಗುತ್ತವೆ, ಅದೂ ಸರಿಯೆ. ಕೆಲವರು ಸರಾಗವಾಗಿ ಓದಿದರೂ ಅರ್ಥ ಹಿಂದುಳಿದಿರಬಹುದು. ಓದಿದ್ದನ್ನು ಕುರಿತು ಮಾತನಾಡಿಸುವುದು ಪಾಠದ ಅಂಗವಾಗಿರಬೇಕು. ಸಹಿ ಹಾಕುವಷ್ಟು ಕೈಬರಹವನ್ನೂ ಕಲಿಸಬೇಕು.

1929ರಲ್ಲಿ ಇವರ ಸರಾಸರಿ ಆಯುಷ್ಯ ಸುಮಾರು 9 ವರ್ಷಗಳೆಂದು ಗಣಿಸಲಾಗಿತ್ತು. ಇಂದು ವೈದ್ಯಸೌಕರ್ಯ ಚೆನ್ನಾಗಿರುವ ದೇಶಗಳಲ್ಲಿ ಅದು ಸುಮಾರು 60 ವರ್ಷ. ವೈದ್ಯಶಾಸ್ತ್ರವು ಕೊಟ್ಟ ಈ ಐವತ್ತು ವರ್ಷಗಳನ್ನು ಇವರು ಹೇಗೆ ಕಳೆಯಬೇಕು? ಮೂಲೆಯಲ್ಲಿ ಕುಳಿತೋ, ಬಸ್ಸಿನ ಹಲಗೆಯನ್ನು ತಾವೇ ಓದಿ ಹತ್ತಿಯೋ? ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂತಹ ಮಕ್ಕಳಿಗೆ ಎಲ್ಲರೊಡನೆ ಕಲಿಯುವ ಹಕ್ಕನ್ನು ಕೊಟ್ಟಿದೆ. ಹಕ್ಕು ಕಾಗದದ ಮೇಲಿದೆ. ಅದು ಫಲಿಸುವುದು ಪಕ್ಕದ ಬೆಂಚಿನವರ ತಾಳ್ಮೆಯಿಂದ. ವಾಚಕರಲ್ಲಿ ಯಾರ ಮನೆಯಲ್ಲಾದರೂ, ನೆರೆಯಲ್ಲಾದರೂ ಇಂತಹ ತಮ್ಮನೋ ತಂಗಿಯೋ ಇದ್ದರೆ, ನಾಲ್ಕು ಚೀಟಿಗಳನ್ನು ಬರೆದುಕೊಂಡು ಹತ್ತು ನಿಮಿಷ ಜೊತೆಗೆ ಕುಳಿತು ನೋಡಲಿ. ನೈಜೆಲನ ಪುಸ್ತಕವೂ ಹುಟ್ಟಿದ್ದು ಅಂತಹ ಒಂದು ಮನೆಯಲ್ಲಿ.