ಕೋಕೋ ಬೀಜದ ಒಗರೂ ಹೃದಯದ ಆರೋಗ್ಯವೂ

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಕೋಕೋ ಗಿಡಗಳಿವೆ. ಜಿಮ್‌ಗೆ ಹೋಗುವ ಮಗ ಎಪಿಕ್ಯಾಟೆಚಿನ್ ಮಾತ್ರೆ ತರಿಸಿದ್ದಾನೆ. ಅದು ಕೋಕೋದಲ್ಲೇ ಇದೆಯಂತೆ, ನಿಜವೇ? ಸ್ನಾಯು, ಹೃದಯಕ್ಕೆ ಒಳ್ಳೆಯದೇ?
– ಓದುಗರು, ಶಿರಾಲಿ

ಉತ್ತರ: ನಿಜ. ಹಣ್ಣು ಒಡೆದು, ಬಿಳಿ ಲೋಳೆ ತೆಗೆದು ಹಸಿ ಬೀಜ ಕಚ್ಚಿ ನೋಡಿ. ಬಾಯಿ ಒಗರಾಗುತ್ತದೆ. ಆ ಒಗರಿನಲ್ಲಿ ಫ್ಲೇವನಾಲ್ ಎಂಬ ಸಸ್ಯ ಸಂಯುಕ್ತಗಳ ಗುಂಪಿಗೆ ಸೇರಿದ ಎಪಿಕ್ಯಾಟೆಚಿನ್‌ನ ಪಾಲೂ ಇದೆ. ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿಯುವಾಗ ಅದು ಬಹಳಷ್ಟು ಕಳೆದುಹೋಗುತ್ತದೆ. ಕ್ಷಾರ ಬೆರೆಸಿ ಸಂಸ್ಕರಿಸಿದ ಕೋಕೋ ಪುಡಿಯಲ್ಲಂತೂ ಇನ್ನೂ ಕಡಿಮೆ. ಹಾಗಾಗಿ ಸಿಹಿ ಚಾಕಲೇಟ್ ಔಷಧವಲ್ಲ.

ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಲು ಎಪಿಕ್ಯಾಟೆಚಿನ್ ನೆರವಾಗುತ್ತದೆ. ಆಗ ನಾಳ ಸಡಿಲಗೊಳ್ಳುತ್ತದೆ. ಅಮೆರಿಕದ ಕಾಸ್ಮೋಸ್ ಅಧ್ಯಯನದಲ್ಲಿ 21,442 ಹಿರಿಯರಿದ್ದರು. ಒಂದು ಗುಂಪಿಗೆ ದಿನಕ್ಕೆ 500 ಮಿ.ಗ್ರಾಂ. ಕೋಕೋ ಫ್ಲೇವನಾಲ್ (ಅದರಲ್ಲಿ 80 ಮಿ.ಗ್ರಾಂ. ಎಪಿಕ್ಯಾಟೆಚಿನ್), ಇನ್ನೊಂದಕ್ಕೆ ಬರೀ ತೋರಿಕೆಯ ಮಾತ್ರೆ. 2022ರ ಫಲಿತಾಂಶದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಒಟ್ಟಾರೆ ಖಚಿತವಾಗಿ ತಗ್ಗಿದ್ದು ಕಾಣಲಿಲ್ಲ. ಹೃದಯ, ರಕ್ತನಾಳದ ಕಾಯಿಲೆಯ ಸಾವು ಮಾತ್ರ ಶೇ. 27 ಕಡಿಮೆಯಿತ್ತು. ಆಸೆ ಹುಟ್ಟಿಸುವ ಅಂಕಿಯೇ, ಆದರೆ ಕೊನೆಯ ಮಾತಲ್ಲ. ಸ್ನಾಯು ಬೆಳೆಯುತ್ತದೆ ಎನ್ನಲು ಇರುವುದು ಸಣ್ಣ ಪ್ರಯೋಗಗಳ ಆಧಾರ ಅಷ್ಟೆ.

ಸಸ್ಯಮೂಲ ಎಂದ ಮಾತ್ರಕ್ಕೆ ನಿರಪಾಯವೆಂದು ನಂಬಬೇಡಿ. ನಿಮ್ಮದೇ ತೋಟದ ಅಡಿಕೆಯಲ್ಲೂ ಎಪಿಕ್ಯಾಟೆಚಿನ್ ಇದೆ. ಆದರೆ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ.

ಮಗನಿಗೆ ವ್ಯಾಯಾಮ, ಮೀನು, ಬೇಳೆಕಾಳು, ನಿದ್ದೆಯೇ ಮುಖ್ಯ. ಬಿ.ಪಿ. ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಈ ಮಾತ್ರೆ ಮುಟ್ಟಬಾರದು.