ಹೊಸ ಕಿವಿಗೆ ಕಾಯಬಹುದು, ಕೇಳುವುದಕ್ಕೆ ಕಾಯಬಾರದು

ಹನ್ನೆರಡು ವರ್ಷಗಳ ಹಿಂದೆ ಒಂದು ಕುಟುಂಬ ಇಪ್ಪತ್ತು ದಿನದ ಗಂಡು ಮಗುವನ್ನು ಎತ್ತಿಕೊಂಡು ನನ್ನ ದವಾಖಾನೆಗೆ ಬಂದಿತ್ತು. ಮೊದಲು ಮಾತನಾಡಿದವರು ಮಗುವಿನ ದಾದಾ. “ಅಝಾನ್ ಹೇಳಲು ಬಲಗಿವಿಯ ಬಳಿ ಬಾಗಿದೆ ಡಾಕ್ಟರ್ ಸಾಬ್. ಅಲ್ಲಿ ಕಿವಿಯೇ ಇರಲಿಲ್ಲ. ಮಗುವಿಗೆ ಕೇಳಿಸಿತೋ ಇಲ್ಲವೋ?” ಕಿವಿಯ ಜಾಗದಲ್ಲಿ ಶೇಂಗಾದಷ್ಟು ಸಣ್ಣ ಮಾಂಸದ ಗಂಟಿತ್ತು, ರಂಧ್ರ ಮುಚ್ಚಿತ್ತು. ತಾಯಿ ತಲೆ ತಗ್ಗಿಸಿ ಕುಳಿತಿದ್ದರು. ಗ್ರಹಣದ ದಿನ ತರಕಾರಿ ಹೆಚ್ಚಿದ್ದರಿಂದಲೇ ಹೀಗಾಯಿತೆಂದು ಯಾರೋ ಹೇಳಿಬಿಟ್ಟಿದ್ದರು.

ಇದನ್ನು ಮೈಕ್ರೋಶಿಯಾ ಎನ್ನುತ್ತಾರೆ. ಗರ್ಭದ ಮೊದಲ ತಿಂಗಳುಗಳಲ್ಲಿ ಹೊರಕಿವಿ ಪೂರ್ತಿಯಾಗಿ ರೂಪುಗೊಳ್ಳದೆ ಉಳಿಯುವ ಸ್ಥಿತಿ ಇದು. ಹೆಚ್ಚಾಗಿ ಒಂದೇ ಕಿವಿಗೆ, ಅದರಲ್ಲೂ ಬಲಗಿವಿಗೆ ಆಗುತ್ತದೆ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಗ್ರಹಣವಂತೂ ಕಾರಣವಲ್ಲ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ ಜನರು ಎರಡಕ್ಕೂ ನಂಟು ಕಲ್ಪಿಸಿದ್ದರು. ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿ(ಸ)ರು ಅಂದೇ ತಿದ್ದಿದರು. ಆದ್ದರಿಂದ ನಿಮ್ಮ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಮೊದಲು ತಾಯಿಯ ತಲೆಯ ಮೇಲಿನ ಆ ಭಾರವನ್ನು ಇಳಿಸಿ.

ನಾನು ಯುನಾನಿ ವೈದ್ಯ. ಆದ್ದರಿಂದಲೇ ಸ್ಪಷ್ಟವಾಗಿ ಹೇಳುತ್ತೇನೆ: ಯಾವ ಎಣ್ಣೆಯೂ, ಯಾವ ಲೇಪವೂ, ಯಾವ ಮಾಜೂನೂ ಇಲ್ಲದ ಕಿವಿಯನ್ನು ಬೆಳೆಸುವುದಿಲ್ಲ. ನಮ್ಮ ಪರಂಪರೆಯ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ ತಮ್ಮ ಗ್ರಂಥದ ಒಂದು ಭಾಗವನ್ನು ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟಿದ್ದರು. ಶಸ್ತ್ರ ಬೇಕಾದ ಕಡೆ ಶಸ್ತ್ರವೇ ಬೇಕು.

ಮೊದಲು ಶ್ರವಣ ಪರೀಕ್ಷೆ

ಆ ದಾದಾಗೆ ನಾನು ಹೇಳಿದ್ದು, “ಕೇಳಿಸಿರುವ ಸಾಧ್ಯತೆಯೇ ಹೆಚ್ಚು.” ಇಂಥ ಮಕ್ಕಳಲ್ಲಿ ಒಳಕಿವಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ; ದಾರಿ ಮಾತ್ರ ಮುಚ್ಚಿರುತ್ತದೆ. ಆದರೆ ಊಹೆ ಸಾಲದು. ಮಗು ಮಲಗಿದ್ದಾಗಲೇ ಮಾಡುವ ಬೆರಾ ಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಿ. ಎರಡೂ ಕಿವಿ ಮುಚ್ಚಿದ್ದರೆ, ತಲೆಗೆ ಪಟ್ಟಿಯಂತೆ ಕಟ್ಟುವ, ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಶ್ರವಣ ಸಾಧನವನ್ನು ಕೆಲವೇ ತಿಂಗಳ ಕೂಸಿಗೂ ಹಾಕಬಹುದು. ಮಾತು ಕಲಿಯುವ ವರ್ಷಗಳು ಕಳೆದರೆ ಮತ್ತೆ ಬರುವುದಿಲ್ಲ. ಒಂದೇ ಕಿವಿಯ ತೊಂದರೆಯಿದ್ದರೆ ಇನ್ನೊಂದನ್ನು ಕಣ್ಣಿನಂತೆ ಕಾಯಿರಿ. ಸೋರಿದರೆ ತಡ ಮಾಡಬೇಡಿ, ಎಣ್ಣೆ ಬಿಡಬೇಡಿ. ತರಗತಿಯಲ್ಲಿ ಚೆನ್ನಾಗಿ ಕೇಳುವ ಕಿವಿ ಶಿಕ್ಷಕರ ಕಡೆಗಿರುವಂತೆ ಕೂರಿಸಲು ಹೇಳಿ.

ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಅದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ಶ್ರವಣ ಪರೀಕ್ಷೆಗೂ ಮಾತಿನ ತರಬೇತಿಗೂ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಶಸ್ತ್ರಚಿಕಿತ್ಸೆ ಯಾವಾಗ?

ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿಯನ್ನು ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದ ಕೆಳಗೆ ಕೂರಿಸುವುದು ಹೆಚ್ಚು ಬಳಕೆಯಲ್ಲಿರುವ ವಿಧಾನ. ಸುಮಾರು ಆರು ತಿಂಗಳ ನಂತರ ಎರಡನೇ ಹಂತದಲ್ಲಿ ಅದನ್ನು ತಲೆಯಿಂದ ಮೇಲೆತ್ತಿ ಹಿಂಬದಿಗೆ ಚರ್ಮ ಹಾಕುತ್ತಾರೆ. ಇದಕ್ಕೆ ಪಕ್ಕೆಲುಬು ಸಾಕಷ್ಟು ಬೆಳೆದಿರಬೇಕು. ಹಾಗಾಗಿ ಅನೇಕ ತಜ್ಞರು ಎಂಟರಿಂದ ಹತ್ತು ವರ್ಷದವರೆಗೆ ಕಾಯುತ್ತಾರೆ; ಎದೆಯ ಸುತ್ತಳತೆ 60 ಸೆಂಟಿಮೀಟರ್ ಆಗಲಿ ಎನ್ನುವವರೂ ಇದ್ದಾರೆ. ಕೃತಕ ಚೌಕಟ್ಟು ಬಳಸುವ ವಿಧಾನವನ್ನು ಇನ್ನೂ ಚಿಕ್ಕ ವಯಸ್ಸಿನಲ್ಲೇ ಮಾಡಬಹುದು, ಆದರೆ ಮುಂದೆ ಅದು ಚರ್ಮ ಸೀಳಿ ಹೊರಬರುವ ಅಪಾಯವಿರುತ್ತದೆ. ಒಂದು ಮಾತು ನೆನಪಿರಲಿ: ಹೊಸ ಕಿವಿ ರೂಪ ಕೊಡುತ್ತದೆ, ಶ್ರವಣ ಕೊಡುವುದಿಲ್ಲ. ಅದರ ಚಿಕಿತ್ಸೆ ಬೇರೆ.

“ಹುಡುಗಿ ತಾನೇ, ಹೇಗೂ ಸ್ಕಾರ್ಫ್ ಮುಚ್ಚುತ್ತದೆ” ಎನ್ನುವವರಿದ್ದಾರೆ. ಸ್ಕಾರ್ಫ್ ಇರುವುದು ಅವಳ ಕಿವಿಯನ್ನು ಬಚ್ಚಿಡಲು ಅಲ್ಲ. ಕನ್ನಡಕ ನಿಲ್ಲಬೇಕಾದದ್ದು, ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳಬೇಕಾದದ್ದು ಅವಳಿಗೂ ಇದೆ. ಮಗ, ಮಗಳು ಇಬ್ಬರನ್ನೂ ಒಂದೇ ತೂಕದಲ್ಲಿ ತೂಗಿ. ಮಗುವೇ “ಈಗ ಬೇಡ” ಎಂದರೆ ಕಾಯಿರಿ. ಮೃದ್ವಸ್ಥಿಯ ವಿಧಾನವನ್ನು ದೊಡ್ಡವರಾದ ಮೇಲೂ ಮಾಡಿಸಬಹುದು.

ಸುಳ್ಳು ಹೇಳಬೇಡಿ

ಆ ಹುಡುಗನಿಗೆ ಹತ್ತನೇ ವರ್ಷದಲ್ಲಿ ಮೊದಲ ಹಂತ ನಡೆಯಿತು. ಹೆದರಬಾರದೆಂದು ದಾದಿ, “ಬೆಂಗಳೂರಿಗೆ ಪ್ರಾಣಿ ನೋಡಲು ಹೋಗೋಣ ಬೇಟಾ” ಎಂದು ಕರೆದೊಯ್ದಿದ್ದರು. ಎಚ್ಚರವಾದಾಗ ತಲೆಗೆ ಕಟ್ಟು, ಎದೆಯಲ್ಲಿ ನೋವು. ಅವನು ಎರಡು ದಿನ ದಾದಿಯೊಂದಿಗೆ ಮಾತಾಡಲಿಲ್ಲ. ಎರಡನೇ ಹಂತಕ್ಕೆ ಒಂದು ವರ್ಷ ಒಪ್ಪಲೇ ಇಲ್ಲ.

ಮಗುವಿಗೆ ವಾರಗಳ ಮೊದಲೇ ನಿಜ ಹೇಳಿ. ಕಿವಿಗಿಂತ ಎದೆಯೇ ಹೆಚ್ಚು ನೋಯಬಹುದು, ನೋವಿಗೆ ಔಷಧ ಕೊಡುತ್ತಾರೆ, ಅಮ್ಮಿ ಪಕ್ಕದಲ್ಲೇ ಇರುತ್ತಾರೆ ಎಂದು ತಿಳಿಸಿ. ಗೊಂಬೆಯ ತಲೆಗೆ ಬಟ್ಟೆ ಕಟ್ಟಿ ತೋರಿಸಿ. “ನಿನ್ನ ಕಿವಿ ಯಾಕೆ ಹೀಗಿದೆ?” ಎಂದು ಶಾಲೆಯಲ್ಲಿ ಕೇಳಿದರೆ, “ಹುಟ್ಟಿನಿಂದ ಹೀಗಿದೆ” ಎಂಬ ಒಂದೇ ಸಾಲಿನ ಉತ್ತರ ಕಲಿಸಿ.

ಆಸ್ಪತ್ರೆಯಲ್ಲಿ, ಮನೆಯಲ್ಲಿ

ಅರಿವಳಿಕೆಗೆ ಮುಂಚೆ ವೈದ್ಯರು ಹೇಳಿದ ಹೊತ್ತಿನಿಂದ ಏನನ್ನೂ ತಿನ್ನಿಸಬೇಡಿ. ಅಕ್ಕರೆಯಿಂದ ಕೊಟ್ಟ ಒಂದು ಬಿಸ್ಕತ್ತು ವಾಂತಿಯಾಗಿ ಶ್ವಾಸಕೋಶ ಸೇರಬಹುದು. ನೆಗಡಿ, ಜ್ವರವಿದ್ದರೆ ಮುಚ್ಚಿಡಬೇಡಿ. ಮನೆಮದ್ದು, ಕಲೋಂಜಿ, ಬೆಳ್ಳುಳ್ಳಿ ಔಷಧ, ನನ್ನಂಥವರು ಕೊಟ್ಟ ಯುನಾನಿ ಔಷಧ ಎಲ್ಲವನ್ನೂ ಸರ್ಜನ್‌ಗೆ ಹೇಳಿ. ಕೆಲವು ರಕ್ತಸ್ರಾವ ಹೆಚ್ಚಿಸಬಹುದು.

ನಂತರದ ದಿನಗಳಲ್ಲಿ ಕಿವಿಯ ಪಕ್ಕ ಸಣ್ಣ ನಳಿಕೆಗಳಿರುತ್ತವೆ, ಎಳೆಯದಂತೆ ನೋಡಿಕೊಳ್ಳಿ. ಹೊಸ ಕಿವಿಯ ಮೇಲೆ ಮಲಗಿಸಬೇಡಿ. ಕೆಮ್ಮುವಾಗ ಎದೆಗೆ ದಿಂಬು ಅಪ್ಪಿಕೊಳ್ಳಲಿ. ವೈದ್ಯರು ಹೇಳಿದಂತೆ ದೀರ್ಘ ಉಸಿರಾಟ ಮಾಡಿಸಿ. ಕಟ್ಟು ಒದ್ದೆಯಾಗಬಾರದು, ವುಝೂ, ನಮಾಝ್‌ನಲ್ಲಿ ರೋಗಿಗಿರುವ ರಿಯಾಯಿತಿಯನ್ನು ಮಗುವಿಗೆ ಮೊದಲೇ ತಿಳಿಸಿ. ನೋಡಲು ಬಂದವರು ಮುಟ್ಟದಿರಲಿ. ಮನೆಯೊಳಗೆ ಬೀಡಿ, ಸಿಗರೇಟು ಬೇಡವೇ ಬೇಡ. ಆ ಹೊಗೆ ಚರ್ಮದ ರಕ್ತ ಸಂಚಾರವನ್ನು ಕುಗ್ಗಿಸುತ್ತದೆ. ಕ್ರಿಕೆಟ್, ಜಗಳದಾಟಕ್ಕೆ ಸರ್ಜನ್ ಅನುಮತಿ ಬೇಕು. ಜ್ವರ, ಕೀವು, ವಾಸನೆ, ಚರ್ಮ ಕಪ್ಪಾಗುವುದು, ಬಿಳಿ ಮೃದ್ವಸ್ಥಿ ಇಣುಕುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಊತ ಇಳಿದು ಆಕಾರ ಕಾಣಲು ತಿಂಗಳುಗಳೇ ಬೇಕು. ಇನ್ನೊಂದು ಕಿವಿಯ ಪಡಿಯಚ್ಚಾಗಲಿ ಎಂದು ನಿರೀಕ್ಷಿಸಬೇಡಿ.

ಎರಡನೇ ಹಂತಕ್ಕೆ ಆ ಹುಡುಗನನ್ನು ಒಪ್ಪಿಸಿದ್ದು ದಾದಿಯೇ. “ಆವತ್ತು ನಾನು ಸುಳ್ಳು ಹೇಳಿದೆ, ಮಾಫ್ ಮಾಡು ಬೇಟಾ” ಎಂದು ಮೊಮ್ಮಗನ ಮುಂದೆ ಕುಳಿತು ಹೇಳಿದರಂತೆ. ಈ ಬಾರಿ ಏನೇನು ನಡೆಯುತ್ತದೆಂದು ಅವನೇ ಸರ್ಜನ್ ಬಳಿ ಕೇಳಿ ತಿಳಿದುಕೊಂಡ. ತನ್ನ ಚೀಲವನ್ನು ತಾನೇ ಕಟ್ಟಿಕೊಂಡು ಹೊರಟ.