ಮೀನಿನ ಮೇವೂ ಬಲ್ಲ ಚಕ್ರವರ್ತಿ!

ಇಡ್ಲಿಯ ಮೂಲ ಹುಡುಕಿಕೊಂಡು ಹೊರಟರೆ ದಾರಿ ಒಬ್ಬ ಚಕ್ರವರ್ತಿಯ ಅಡುಗೆಮನೆಗೂ ಹೋಗಿ ಮುಟ್ಟುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಉದ್ದಿನ ಹಿಟ್ಟನ್ನು ಪುಟ್ಟ ಉಂಡೆ ಕಟ್ಟಿ, ತುಪ್ಪದಲ್ಲಿ ಕರಿದು, ಮೆಣಸು, ಜೀರಿಗೆ, ಇಂಗು ಬೆರೆಸಿದರೆ ಅದು ‘ಇಡ್ಡರಿಕಾ’. ಹಬೆಯೂ ಇಲ್ಲ, ಅಕ್ಕಿಯೂ ಇಲ್ಲ! ಹೀಗೆ ಬರೆಸಿಟ್ಟವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಆಳಿದ್ದು 1126ರಿಂದ 1138ರವರೆಗೆ, ಬರೀ ಹನ್ನೆರಡು ವರ್ಷ.

ಅಷ್ಟರಲ್ಲೇ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ! ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ರಾಜನೀತಿ ಇದೆ, ಸರಿ, ಅರಸನಲ್ಲವೇ. ಆದರೆ ಆನೆ ಪಳಗಿಸುವುದು, ರತ್ನ ಪರೀಕ್ಷೆ, ಸುಗಂಧ, ಸಂಗೀತ, ಕುಸ್ತಿ? ಪುಟ ತಿರುವಿದಂತೆಲ್ಲ ಇನ್ನೊಂದು ಲೋಕ! ಮೀನು ಹಿಡಿಯುವ ಆಟಕ್ಕೇ ಒಂದು ಅಧ್ಯಾಯ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆ ಇದ್ದವು ಯಾವುವು, ಇಲ್ಲದವು ಯಾವುವು, ಯಾವ ಮೀನಿಗೆ ಯಾವ ಮೇವು, ಗಾಳದ ದಾರ ಹೇಗಿರಬೇಕು, ಎಲ್ಲವೂ ಉಂಟು. ಹೊಲದ ಇಲಿಯನ್ನು ಕೆಂಡದ ಮೇಲೆ ಸುಟ್ಟು ತಿನ್ನುವ ಬಗೆಯನ್ನೂ ಬಿಟ್ಟಿಲ್ಲ ಈ ಮಹಾರಾಯ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರಕಲೆಯ ಭಾಗ. ಬಣ್ಣ ಗೋಡೆಗೆ ಅಂಟುವುದು ಹೇಗೆ? ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವ ತನಕ ಕುದಿಸಬೇಕು. ಅದನ್ನು ಕಡ್ಡಿ ಮಾಡಿ ಬಿಸಿಲಲ್ಲಿ ಒಣಗಿಸಿಟ್ಟುಕೊಳ್ಳಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ, ಬಿಳಿ ಮಣ್ಣು ಕಲಸಿ ಗೋಡೆಗೆ ಬಳಿಯಬೇಕು. ಇದೇ ವಜ್ರಲೇಪ. ಸಿಂಹಾಸನದ ಮೇಲೆ ಕೂತವನ ಪುಸ್ತಕದಲ್ಲಿ ಅಂಟು ಕುದಿಸುವ ವಿವರ! ಎಲ್ಲವನ್ನೂ ಅವನೊಬ್ಬನೇ ಕೈಯಾರೆ ಮಾಡಿ ಕಲಿತನೆಂದು ನಾನಂತೂ ಹೇಳಲಾರೆ. ಸುತ್ತ ಬಲ್ಲವರ ದಂಡೇ ಇದ್ದಿರಬೇಕು. ಅಪ್ಪನ ಕಾಲದಲ್ಲೇ ಬಿಲ್ಹಣನಂಥ ಕವಿ, ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದ ಊರದು. ಆದರೂ ಬೇಟೆಗಾರನ, ಬಾಣಸಿಗನ, ಮಾವುತನ ತಿಳಿವಳಿಕೆಯೂ ರಾಜನೀತಿಯ ಪಕ್ಕದಲ್ಲಿ ಕೂರಲು ಯೋಗ್ಯ ಎಂದುಕೊಂಡನಲ್ಲ, ದೊಡ್ಡತನ ಅಲ್ಲಿದೆ!

ಜನ ಅವನನ್ನು ‘ಸರ್ವಜ್ಞ ಚಕ್ರವರ್ತಿ’ ಎಂದರು. ರಾಜ್ಯ ಮಾತ್ರ ಸಡಿಲವಾಗುತ್ತಿತ್ತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆ ಎತ್ತಿದ್ದ. ಸೋಮೇಶ್ವರ ತೀರಿ ಮೂವತ್ತು ವರ್ಷ ತುಂಬುವ ಮೊದಲೇ ಕಲ್ಯಾಣ ಅವರದೇ ಸಾಮಂತನಾಗಿದ್ದ ಬಿಜ್ಜಳನ ಪಾಲಾಯಿತು. ಸೋಮೇಶ್ವರ ಒಳ್ಳೆಯ ದಂಡನಾಯಕನೇನೂ ಆಗಿರಲಿಲ್ಲ ಅನ್ನಿ. ಆದರೆ ಗೆದ್ದ ಎಷ್ಟೋ ದೊರೆಗಳ ಮನೆಯಲ್ಲಿ ಏನು ಬೇಯುತ್ತಿತ್ತೆಂದು ನಮಗೆ ಗೊತ್ತಿಲ್ಲ, ಇವನದು ಗೊತ್ತು!

ಬರೋಡದ ಗಾಯಕವಾಡ ಪ್ರಾಚ್ಯಮಾಲೆ ಈ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಅಚ್ಚು ಮಾಡಿದೆ. ಊರಿನ ಹಳೆಯ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕೀತು, ಒಮ್ಮೆ ಕೇಳಿ ನೋಡಿ. ಸಂಸ್ಕೃತ ಬಾರದಿದ್ದರೆ ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಊಟದ ಅಧ್ಯಾಯವಾದ ‘ಅನ್ನಭೋಗ’ದ ಪುಟದಿಂದಲೇ ಶುರುಮಾಡಿ.